ನಿಂತ ಮೆರ್ಶಾನ ಕೋಲು

ಕೋಲಿಗೆ ಅಳತೆ ಕೊಡಲು ಬಂದವರು ಮೊದಲು ಪಾದರಕ್ಷೆ ಬಿಡಬೇಕು. ಇದು ಮೆರ್ಶಾನ ಅಂಗಳದ ನಿಯಮವಾಗಿತ್ತು. ಬಂದವನು ಹೊಲದ ಆಳಾಗಲಿ, ಗುಡ್ಡದಾಚೆಯ ಪಾದ್ರಿಯಾಗಲಿ, ಅಂಗಳದ ಚಪ್ಪಟೆ ಕಲ್ಲಿನ ಮೇಲೆ ಬರಿಗಾಲಲ್ಲಿ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಲ್ಲಬೇಕು. ಆಮೇಲೆ ಮೆರ್ಶಾ ಹುರಿಯ ಒಂದು ತುದಿಯನ್ನು ಬಂದವನ ಹಿಮ್ಮಡಿಯ ಪಕ್ಕ ಒತ್ತಿ ಹಿಡಿದು, ಇನ್ನೊಂದನ್ನು ಕಂಕುಳಿನವರೆಗೆ ಎಳೆದು, ಎರಡು ಬೆರಳು ಕೆಳಗಿಳಿಸಿ ಅಲ್ಲೊಂದು ಗಂಟು ಹಾಕುತ್ತಿದ್ದ. ಒಮ್ಮೆ ಪೇಟೆಯ ವ್ಯಾಪಾರಿಯೊಬ್ಬ ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಬಂದಿದ್ದ.

"ಬೂಟು ಹೊಸದು ಗಾಶೆ, ಬಿಚ್ಚಿದ್ರೆ ಮತ್ತೆ ಹಾಕ್ಕೊಳ್ಳೋದು ಕಷ್ಟ. ಹಾಗೇ ಅಳೀರಿ" ಎಂದ. ಆ ಸೀಮೆಯಲ್ಲಿ ಹಿರಿಯ ಗಂಡಸರನ್ನು ಎಲ್ಲರೂ ಗಾಶೆ ಎಂದೇ ಕರೆಯುತ್ತಾರೆ.

"ಗುಡಿಯೊಳಗೂ ಇದನ್ನ ಹಾಕ್ಕೊಂಡೇ ನಿಲ್ತೀಯೇನು?"

"ಅಯ್ಯೋ, ಉಂಟಾ!"

"ಮತ್ತೆ? ಅಂಗಡೀಲಿ ನಿನಗೆ ಬೇಕಾದಷ್ಟು ಎತ್ತರ ಇರು. ದೇವರ ಮುಂದೆ ಅವನು ಕೊಟ್ಟಷ್ಟೇ ಎತ್ತರ ಇರು."

ವ್ಯಾಪಾರಿ ಗೊಣಗಿಕೊಂಡು ಬೂಟು ಬಿಚ್ಚಿದ. ಈ ಮಾತನ್ನು ವೈರಂಬಾ ಊರಿನವರು ಬಹಳ ಕಾಲ ಹೇಳಿಕೊಂಡು ನಕ್ಕರು.

ಗೊಜ್ಜಾಮಿನ ಎತ್ತರದ ಬಯಲಲ್ಲಿ, ಕಾಡು ಆಲಿವ್ ಮರಗಳ ತೋಪಿನ ನಡುವೆ, ದೇವದೂತ ಮಿಕಾಯೇಲನ ಹೆಸರಿನ ದುಂಡನೆಯ ದೇವಾಲಯವಿದೆ. ಅದರೊಳಗೆ ಕುರ್ಚಿಯಿಲ್ಲ, ಬೆಂಚಿಲ್ಲ. ಬೆಳಕು ಹರಿಯುವ ಮೊದಲೇ ಮರಕ್ಕೆ ತೂಗುಬಿಟ್ಟ ಕಲ್ಲಿನ ಗಂಟೆಗಳ ಸದ್ದಾಗುತ್ತದೆ. ಆಗ ಶುರುವಾದ ಪ್ರಾರ್ಥನೆ ಮುಗಿಯುವಾಗ ಬಿಸಿಲು ಗೋಡೆ ಏರಿರುತ್ತದೆ. ಅಷ್ಟು ಹೊತ್ತೂ ಜನ ನಿಂತೇ ಇರುತ್ತಾರೆ. ನಿಂತವರ ಭಾರ ಹೊರಲು ನಿಲುಗೋಲು ಎಂಬುದಿದೆ: ಉದ್ದನೆಯ ಕೋಲಿನ ತಲೆಗೆ ಟಗರಿನ ಕೊಂಬಿನಂತೆ ಬಾಗಿದ ಅಡ್ಡಪಟ್ಟಿ. ಅದನ್ನು ಕಂಕುಳಿಗೆ ಕೊಟ್ಟು ಒರಗಿಕೊಂಡರೆ ಮೈ ದಣಿದರೂ ಮನುಷ್ಯ ನಿಂತಿರುತ್ತಾನೆ. ಮೆರ್ಶಾ ಕೆತ್ತುತ್ತಿದ್ದುದು ಈ ಕೋಲುಗಳನ್ನು. ಬಾಚಿಯಿಂದ ಸವರಿ, ಒಡೆದ ಗಾಜಿನ ಚೂರಿನಿಂದ ಹೆರೆದು, ಹುಚ್ಚೆಳ್ಳೆಣ್ಣೆ ತಿಕ್ಕಿ ನೆರಳಲ್ಲಿ ಒಣಗಿಸಿ ಕೊಡುತ್ತಿದ್ದ. ನಡೆಯಲು ಕೋಲು ಬೇಕೆಂದು ಬಂದವರನ್ನು ಬೇರೆ ಬಡಗಿಯ ಹತ್ತಿರ ಕಳಿಸುತ್ತಿದ್ದ.

ಅವನದೇ ನಿಲುಗೋಲು ಮಾತ್ರ ಅವನು ಕೆತ್ತಿದ್ದಲ್ಲ. ಅದು ಅವನ ತಂದೆ ಯಿಲ್ಮಾನದು. ಯಿಲ್ಮಾ ಆ ದೇವಾಲಯದ ಹಾಡುಗಾರರಲ್ಲಿ ಒಬ್ಬ. ಹಬ್ಬದ ಮುಂಜಾವಗಳಲ್ಲಿ ಆ ಕೋಲನ್ನು ಎತ್ತಿ ಇಳಿಸಿ, ಅದರ ತೂಗಾಟಕ್ಕೆ ತಕ್ಕಂತೆ ಹೆಜ್ಜೆಯಿಟ್ಟು ಹಾಡುತ್ತಿದ್ದ. ಹಾಡಿಲ್ಲದಾಗ ಅದರ ತಲೆಗೆ ಹಣೆಯೊತ್ತಿ ಕಣ್ಣು ಮುಚ್ಚಿರುತ್ತಿದ್ದ. ಹುಡುಗ ಮೆರ್ಶಾ ಅಪ್ಪನ ಹೊದಿಕೆಯ ಅಂಚು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದ. ಪ್ರಾರ್ಥನೆಯ ಒಂದು ಘಟ್ಟದಲ್ಲಿ ಒಳಗಿನಿಂದ ಸೇವಕನೊಬ್ಬ ಕುಳಿತವರೆಲ್ಲ ಏಳಬೇಕೆಂದು ಕೂಗಿ ಹೇಳುವುದು ಅಲ್ಲಿಯ ಕ್ರಮ. ಮೊದಲ ಸಲ ಅದನ್ನು ಕೇಳಿದಾಗ ಹುಡುಗ ಗಾಬರಿಯಾಗಿ ಅಪ್ಪನ ಮುಖ ನೋಡಿದ.

"ಅದು ಕೂತವರಿಗೆ ಹೇಳಿದ್ದು ಮಗಾ. ನಮಗಲ್ಲ" ಎಂದ ಯಿಲ್ಮಾ ಪಿಸುದನಿಯಲ್ಲಿ.

ಆ ಮಾತು ಮೆರ್ಶಾನ ಎದೆಯಲ್ಲಿ ಮೊಳೆ ಹೊಡೆದಂತೆ ಉಳಿಯಿತು.

ಅವನನ್ನೂ ಹಾಡು ಕಲಿಯಲು ಕಳಿಸಿದರು. ಆದರೆ ಗಂಟಲು ಒಡೆಯುವ ವಯಸ್ಸಿನಲ್ಲಿ ಒಡೆದ ಅವನ ದನಿ ಮತ್ತೆ ಕೂಡಲಿಲ್ಲ. ಹಾಡಿಗೆ ಆಗದವನು ಹಾಡುವವರ ಕೋಲಿಗೆ ಆದ. ಯಿಲ್ಮಾ ತೀರಿಕೊಂಡ ಮೇಲೆ ಅವನ ನಿಲುಗೋಲನ್ನು ಮಗ ಒಮ್ಮೆ ಕಂಕುಳಿಗೆ ಕೊಟ್ಟು ನೋಡಿದ. ಅಳೆಯದೆಯೇ ಅಳತೆಗೆ ಬಂತು. ತಂದೆಯ ಎತ್ತರಕ್ಕೆ ತಾನು ಬೆಳೆದಿದ್ದೇನೆ ಎಂಬುದೊಂದು ಸಮಾಧಾನ ಅವನಿಗೆ ಆಗ ಸಿಕ್ಕಿತು. ಅಲ್ಲಿಂದ ಮುಂದೆ ಗಂಡಸರು ನಿಲ್ಲುವ ಕಡೆಯ ಎರಡನೆಯ ಕಂಬದ ಪಕ್ಕ ಅವನ ಜಾಗ. ರಾಜನ ಕಾಲ ಮುಗಿಯಿತು, ಸೈನಿಕರ ಕಾಲ ಬಂದು ಅದೂ ಮುಗಿಯಿತು. ಅವನ ಜಾಗ ಬದಲಾಗಲಿಲ್ಲ.

ಅವನ ಹೆಂಡತಿ ಅಲ್ಗಾನೆಶ್ ನಿಲ್ಲುತ್ತಿದ್ದುದು ಎದುರಿನ ಹೆಂಗಸರ ಕಡೆಯಲ್ಲಿ. ಇಬ್ಬರೂ ದೇವರ ಸನ್ನಿಧಿಯಲ್ಲಿ ಪವಿತ್ರ ರೊಟ್ಟಿ ಹಂಚಿಕೊಂಡು ಮದುವೆಯಾದವರು. ಹಾಗೆ ಕೂಡಿದ್ದು ಬಿಡಿಸಿಕೊಳ್ಳುವಂಥದ್ದಲ್ಲ. ಒಂದು ಮಳೆಗಾಲದ ಜ್ವರದಲ್ಲಿ ಅವಳು ಹೋದಳು. ಮಕ್ಕಳಿರಲಿಲ್ಲ. ಮತ್ತೊಂದು ಮದುವೆಯ ಮಾತು ತಂದವರಿಗೆ ಮೆರ್ಶಾ ಕಾಫಿ ಕೊಟ್ಟು, ಬಾಗಿಲವರೆಗೆ ಬಂದು, ಕಳಿಸಿಕೊಟ್ಟ. ಆಮೇಲೆ ಆ ಮನೆಯಲ್ಲಿ ಬಾಚಿಯ ಸದ್ದೊಂದೇ ಉಳಿಯಿತು. ಕಾಫಿ ಹುರಿದರೆ ಒಬ್ಬನಿಗೇ ಹುರಿಯಬೇಕಲ್ಲ ಎಂದು ಹುರಿಯುವುದನ್ನೇ ಬಿಟ್ಟ. ವಾರವಿಡೀ ಯಾರೊಡನೆಯೂ ನಾಲ್ಕು ಮಾತಾಡದೆ ಕಳೆದರೂ ಭಾನುವಾರ ಬಿಳಿ ಹೊದಿಕೆ ಹೊದ್ದು ಎರಡನೆಯ ಕಂಬದ ಹತ್ತಿರ ನಿಂತಾಗ, ಮುಂದೆ ಹಿಂದೆ ಅಷ್ಟೂ ಬಿಳಿ ಬೆನ್ನುಗಳ ನಡುವೆ, ತಾನೊಬ್ಬನೇ ಎಂಬುದು ಅವನಿಗೆ ಮರೆಯುತ್ತಿತ್ತು.

ಗೋಡೆಯುದ್ದಕ್ಕೂ ಒಂದು ಕಲ್ಲಿನ ಕಟ್ಟೆಯಿತ್ತು. ಬಸುರಿಯರು, ರೋಗಿಗಳು, ತೀರಾ ವಯಸ್ಸಾದವರು ಅದರ ಮೇಲೆ ಚಾಪೆ ಹಾಕಿಕೊಂಡು ಕೂರಬಹುದು. ಯಾರ ತಕರಾರೂ ಇರಲಿಲ್ಲ. ಮೆರ್ಶಾ ಮಾತ್ರ ಆ ಕಡೆ ಮುಖ ತಿರುಗಿಸುತ್ತಿರಲಿಲ್ಲ. "ರಾಜ ಬಂದಾಗ ಯಾರಾದ್ರೂ ಕೂತಿರ್ತಾರಾ? ಇವನು ರಾಜರಿಗೇ ರಾಜ!" ಎಂದು ಅಂಗಳಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದ. ಹುಡುಗರು ಅವನ ದನಿಯನ್ನೇ ಅನುಕರಿಸಿ ಹಾಗೆ ಹೇಳಿ ಓಡುತ್ತಿದ್ದರು. ಊರು ಅವನಿಗೆ 'ನಿಂತ ಮೆರ್ಶಾ' ಎಂದು ಹೆಸರಿಟ್ಟಿತ್ತು. ಅದು ಕುಚೋದ್ಯವೆಂದು ಅವನಿಗೆ ಗೊತ್ತಿತ್ತು. ಆದರೂ ಒಳಗೊಳಗೇ ಹಿಡಿಸಿತ್ತು.

ಎಪ್ಪತ್ತು ದಾಟಿದ ಮೇಲೆ ನಿಲ್ಲುವುದು ಕಷ್ಟವಾಗತೊಡಗಿತು. ಅಡ್ಡಪಟ್ಟಿ ಕಂಕುಳಿಗೆ ಒರಗುವ ಬದಲು ಚುಚ್ಚುತ್ತಿತ್ತು. ಹೆಗಲು ಮೇಲಕ್ಕೆ ಸೆಟೆದು ಕುತ್ತಿಗೆ ನೋಯುತ್ತಿತ್ತು. ಭಾರವನ್ನು ಕೋಲಿಗೆ ಬಿಡಲು ಹೋದರೆ ಹಿಮ್ಮಡಿ ನೆಲ ಬಿಟ್ಟು ಏಳುತ್ತಿತ್ತು. ಮನೆಗೆ ಬಂದು ಮೊಣಕಾಲಿಗೆ ಬೆಣ್ಣೆ ತಿಕ್ಕಿಕೊಂಡ, ಬಿಸಿ ಇಟ್ಟುಕೊಂಡ. ಕೊನೆಗೆ, ಇದು ಮೊಣಕಾಲಿನ ಮಾತಲ್ಲ ಎಂದು ಅವನ ಮನಸ್ಸು ಹೇಳತೊಡಗಿತು. ಇಷ್ಟು ವರ್ಷ ತನ್ನನ್ನು ಮುಂದೆ ನಿಲ್ಲಿಸಿಕೊಂಡ ದೇವರಿಗೆ ಈಗ ತಾನು ಬೇಡವಾಗಿದ್ದೇನೆ. ಯಾಕೆಂದು ಮಾತ್ರ ತಿಳಿಯುತ್ತಿಲ್ಲ.

ಮಳೆಗಾಲ ಮುಗಿಯುತ್ತಿದ್ದ ಒಂದು ಭಾನುವಾರ, ಗರ್ಭಗುಡಿಯ ತೆರೆ ಸರಿಯುವ ಹೊತ್ತು. ಆಗ ಕೂಸುಗಳೂ ಸುಮ್ಮನಾಗುತ್ತವೆ. ಮೆರ್ಶಾ ಕೋಲಿಗೆ ಒರಗಿದ. ಹಿಮ್ಮಡಿ ಎದ್ದಿತು, ಪಾದ ಜಾರಿತು. ಅವನು ಪಕ್ಕಕ್ಕೆ ಬಿದ್ದ. ಯಿಲ್ಮಾನ ಕೋಲು ಕಲ್ಲುಹಾಸಿನ ಮೇಲೆ ಬಿದ್ದು, ಎರಡು ಸಲ ಪುಟಿದು, ಉರುಳಿ ಹೋಗಿ ಗೋಡೆಗೆ ಬಡಿಯಿತು. ಆ ಮೌನದಲ್ಲಿ ಅದು ಸಿಡಿಲಿನಂತೆ ಕೇಳಿಸಿತು. ಬಿಳಿ ಬೆನ್ನುಗಳೆಲ್ಲ ಮುಖಗಳಾದವು. ತೆರೆಯ ಬಳಿ ನಿಂತಿದ್ದ ಪಾದ್ರಿ ಎಜಿಗು ಕೂಡ ಒಂದು ಕ್ಷಣ ತಿರುಗಿದರು. ಯಾರೋ ಎಬ್ಬಿಸಿ, ಕಟ್ಟೆಯ ಕಡೆ ಕೈ ತೋರಿಸಿದರು. ಮೆರ್ಶಾ ತಲೆಯಲ್ಲಾಡಿಸಿ, ಕೋಲೆತ್ತಿಕೊಂಡು, ಗೋಡೆ ಹಿಡಿದು ಹೊರಗೆ ನಡೆದ.

ಮುಂದಿನ ವಾರದಿಂದ ಅವನು ಬೇಲಿಯ ದ್ವಾರ ದಾಟಲಿಲ್ಲ. ಹೊರಗಿನ ಆಲಿವ್ ಮರದ ಕೆಳಗೆ, ಅದರ ಬೊಡ್ಡೆಗೆ ಬೆನ್ನು ಕೊಟ್ಟು ನಿಂತ.

ಬೇಲಿಯ ಹೊರಗೆ ನಿಲ್ಲುವುದು ಅಲ್ಲಿ ಅವಮಾನವಲ್ಲ. ಮುಟ್ಟಾದ ಹೆಂಗಸರು, ಉಪವಾಸ ಮುರಿದವರು, ಹಿಂದಿನ ರಾತ್ರಿ ಒಂದೇ ಹಾಸಿಗೆಯಲ್ಲಿ ಮಲಗಿದ ಗಂಡಹೆಂಡಿರು ಹೊರಗೇ ನಿಂತು ಕೈಮುಗಿಯುತ್ತಾರೆ. ಇವತ್ತು ನಾನು ಒಳಗೆ ಬರುವ ಸ್ಥಿತಿಯಲ್ಲಿಲ್ಲ ಎಂದು ಒಪ್ಪಿಕೊಳ್ಳುವುದೂ ದೇವರಿಗೆ ತೋರಿಸುವ ಮರ್ಯಾದೆಯೇ. ಯಾಕೆ ಹೊರಗಿದ್ದೀಯೆಂದು ಯಾರೂ ಕೇಳುವುದಿಲ್ಲ. ಕೇಳುವುದಿಲ್ಲ, ಆದರೆ ಊಹಿಸುತ್ತಾರೆ. ಒಂದು ವಾರ ಹೊರಗಿದ್ದರೆ ಊಹೆ ಒಂದು ವಾರದ್ದು. ವಾರ ವಾರವೂ ಹೊರಗಿದ್ದರೆ ಊಹೆಗೆ ಕೈಕಾಲು ಬರುತ್ತವೆ. ಮೆರ್ಶಾನಿಗೆ ಇದು ಹೊಳೆಯಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಅಂಗಳದೊಳಗೆ ಎಲ್ಲರೂ ಕೂಡಿ ರೊಟ್ಟಿ ಮುರಿಯುವಾಗಿನ ಗಲಗಲ ಅವನಿಗೆ ಬೇಲಿಯಾಚೆಯಿಂದ ಕೇಳಿಸುತ್ತಿತ್ತು. ಕೇಳಿಸಿಕೊಂಡು, ಒಬ್ಬನೇ ಇಳಿಜಾರಿನಲ್ಲಿ ಮನೆಗೆ ಹೋಗುತ್ತಿದ್ದ.

ಪಕ್ಕದ ಮನೆಯ ಅಟ್ಟಾಲೆ ಬಾರ್ಲಿಯಿಂದ ತೆಲ್ಲಾ ಎಂಬ ಮದ್ಯ ಹುದುಗಿಸಿ ಮಾರಿ ಬದುಕುವ ವಿಧವೆ. ಅಲ್ಗಾನೆಶ್ ಹೋದಾಗಿನಿಂದ ಅವಳು ಒಂದು ಬುಟ್ಟಿಯಲ್ಲಿ ಇಂಜೆರಾ ರೊಟ್ಟಿ ಮುಚ್ಚಿ ಅವನ ಬಾಗಿಲಲ್ಲಿ ಇಟ್ಟುಹೋಗುತ್ತಿದ್ದಳು. ಅವನು ಅವಳ ಮನೆಯ ಬಾಗಿಲು, ಮೊರ, ಹಂಡೆಯ ಮುಚ್ಚಳ ಸರಿಮಾಡಿಕೊಡುತ್ತಿದ್ದ. ಇಬ್ಬರ ನಡುವೆ ಅದಕ್ಕಿಂತ ಹೆಚ್ಚು ಮಾತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಬುಟ್ಟಿಯಿಲ್ಲದೆ ಬಂದಳು.

"ಗಾಶೆ, ಒಂದು ಮಾತು ಕೇಳ್ಬೇಕು. ಕೋಪ ಮಾಡ್ಕೋಬಾರ್ದು."

"ಕೇಳು."

"ಹೊರಗೆ ಯಾಕೆ ನಿಲ್ತಿದೀರಿ?"

ಮೆರ್ಶಾ ಗಾಜಿನ ಚೂರಿನಿಂದ ಕೋಲು ಹೆರೆಯುತ್ತಲೇ ಇದ್ದ. "ಅದು ನನಗೂ ಮಿಕಾಯೇಲನಿಗೂ ಬಿಟ್ಟಿದ್ದು."

"ನಿಮ್ಮಿಬ್ರಿಗೇ ಬಿಟ್ಟಿದ್ರೆ ನಾನ್ಯಾಕೆ ಬರ್ತಿದ್ದೆ? ಊರು ನನ್ನನ್ನೂ ಎಳ್ಕೊಂಡು ಬಂದು ನಡುವೆ ನಿಲ್ಸಿದೆ. ನೀರಿನ ಹತ್ರ ಏನಂತಾರೆ ಗೊತ್ತಾ? 'ಪ್ರತಿ ಭಾನುವಾರ ಹೊರಗೆ ನಿಲ್ಲೋ ಹಾಗೆ ಆ ಮುದುಕ ಪ್ರತಿ ಶನಿವಾರ ಏನ್ ಮಾಡ್ತಾನೆ? ಇಂಜೆರಾ ಯಾರ ಮನೆಯಿಂದ ಹೋಗುತ್ತೆ?' ಅಂತ."

ಗಾಜಿನ ಚೂರು ಅವನ ಕೈಯಿಂದ ಬಿತ್ತು. "ಈ ವಯಸ್ಸಲ್ಲಾ!"

"ನಾನೂ ಅದನ್ನೇ ಅಂದೆ. 'ಆ ಮನುಷ್ಯಂಗೆ ಕೊಡ ಎತ್ತೋಕೂ ಆಗಲ್ಲ ಕಣ್ರೇ' ಅಂದೆ. ಇನ್ನೂ ನಕ್ರು. ಮೊದಲು ನನಗೂ ನಗು ಬಂತು ಗಾಶೆ, ಸುಳ್ಳು ಯಾಕೆ. ಆದ್ರೆ ಮೊನ್ನೆ ಗುಡಿ ಬಾಗಿಲಿಗೆ ಮುತ್ತಿಡೋಕೆ ಬಗ್ಗಿದೀನಿ, ಹಿಂದಿನಿಂದ ಒಬ್ಳು 'ಒಬ್ರು ಹೊರಗೆ, ಒಬ್ರು ಒಳಗೆ, ಇದ್ಯಾವ ನ್ಯಾಯ' ಅಂದ್ಳು. ದೇವರ ಬಾಗಿಲಲ್ಲಿ! ಅಲ್ಲಿ ನಾನೇನು ಜಗಳ ಆಡ್ಲಾ?"

ಮೆರ್ಶಾ ಬಿದ್ದ ಗಾಜಿನ ಚೂರನ್ನು ಎತ್ತಿ ಪಕ್ಕಕ್ಕಿಟ್ಟ. ದೇವರಿಗೆ ಮರ್ಯಾದೆ ತೋರಿಸುತ್ತೇನೆಂದು ಮರದ ಕೆಳಗೆ ನಿಂತವನು, ಮರ್ಯಾದೆಯಿಂದ ಬದುಕಿದ ಹೆಂಗಸೊಬ್ಬಳ ಹೆಸರನ್ನು ಬೀದಿಗೆ ಹಾಕಿದ್ದ. ಕೊನೆಗೆ, ಹೆಂಡತಿ ಹೋದ ಮೇಲೆ ಯಾರಿಗೂ ಹೇಳದ ರೀತಿಯಲ್ಲಿ, ಹೇಳಿದ:

"ನನ್ನ ಕೈಲಿ ನಿಲ್ಲೋಕಾಗ್ತಿಲ್ಲ ಅಟ್ಟಾಲೆ. ಅವನಿಗೆ ನಾನು ಬೇಡ. ಬಿದ್ದೆ ನೋಡು, ಅವನ ಮುಂದೇನೇ."

"ಕೂತ್ಕೊಳ್ಳಿ ಹಾಗಾದ್ರೆ. ಕಟ್ಟೆ ಇರೋದ್ಯಾಕೆ? ನಮ್ಮನೆಯವ್ರು ಕಾಲು ಬಾತು ಕೊನೇ ದಿನದವರೆಗೂ ಅಲ್ಲೇ ಕೂತಿದ್ರು."

"ನಾನು ಕೂರಲ್ಲ."

"ಯಾಕೆ? ಅವ್ರು ಕೂತಾಗ ದೇವರು ಮುಖ ತಿರುಗಿಸಿದ್ನಾ? ನೀವು ತಿರುಗಿಸಿದ್ರಿ. ಅದು ನಂಗೊತ್ತು, ಅವ್ರಿಗೂ ಗೊತ್ತಿತ್ತು."

ಮೆರ್ಶಾ ಒಳಗೆ ಹೋಗಿಬಿಡೋಣವೆಂದು ಗೋಡೆಗೆ ಒರಗಿಸಿದ್ದ ತಂದೆಯ ಕೋಲು ಹಿಡಿದು ಎದ್ದ. ಅಟ್ಟಾಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತು ನೋಡಿದಳು.

"ಈ ಕೋಲು ಯಾರದು?"

"ಅಪ್ಪಂದು. ಈಗ ನಂದು. ನಿಂಗೊತ್ತಿಲ್ವಾ?"

"ನಿಮ್ಮದಾದ್ರೆ ಹೆಗಲಿಗೆ ಬಂದು ಮುಟ್ತಿದೆಯಲ್ಲ? ಒಣಗಿದ ಮರ ಬೆಳೆಯುತ್ತಾ? ಬೇರೆ ಯಾರಾದ್ರೂ ಹೀಗೆ ಹಿಡ್ಕೊಂಡು ಬಂದಿದ್ರೆ 'ಎಲ್ಲಿ ಕದ್ದೆ?' ಅಂತ ಕೇಳ್ತಿದ್ರಿ ನೀವು."

ಮೆರ್ಶಾ ಕೋಲನ್ನು ನೋಡಿದ. ಕಂಕುಳಿಗೆ ಕೊಟ್ಟು ನೋಡಿದ. ಊರಿನ ಎಲ್ಲರ ಅಳತೆ ತೆಗೆದವನು ತನ್ನ ಅಳತೆಯನ್ನು ಎಂದೂ ತೆಗೆದಿರಲಿಲ್ಲ. ತೆಗೆಯುವ ಉಪಾಯವೂ ಇರಲಿಲ್ಲ. ಹುರಿಯ ತುದಿಯನ್ನು ಹಿಮ್ಮಡಿಯ ಬಳಿ ಹಿಡಿಯಲು ಬಗ್ಗಿದರೆ ಎತ್ತರ ತಪ್ಪುತ್ತದೆ. ಅದಕ್ಕೆ ಎರಡನೆಯವರೊಬ್ಬರು ಬೇಕು. ಅವನ ಮನೆಯಲ್ಲಿ ಎರಡನೆಯವರಿರಲಿಲ್ಲ.

"ಹುರಿ ಕೊಡಿ" ಎಂದಳು ಅಟ್ಟಾಲೆ.

"ಬೇಡ. ಜನ ನೋಡ್ತಾರೆ."

"ನೋಡ್ಲಿ ಅಂತಾನೇ. ದಾರಿಗೆ ಬನ್ನಿ."

ನೀರಿನಿಂದ ಹೆಂಗಸರು ಕೊಡ ಹೊತ್ತು ಬರುವ ದಾರಿಯಲ್ಲೇ ಅವಳು ಅವನನ್ನು ಬರಿಗಾಲಲ್ಲಿ ನಿಲ್ಲಿಸಿದಳು. ಹುರಿಯ ತುದಿಯನ್ನು ಅವನ ಹಿಮ್ಮಡಿಯ ಪಕ್ಕ ಹಾಕಿ, ತನ್ನ ಕಾಲಿನ ಹೆಬ್ಬೆರಳಿನಿಂದ ಮೆಟ್ಟಿ ಹಿಡಿದಳು.

"ಏನೇ ಅದು ಅಟ್ಟಾಲೆ?" ಎಂದಳು ಕೊಡದವಳೊಬ್ಬಳು, ಕಣ್ಣರಳಿಸಿ.

"ಮದುವೆ ಬಟ್ಟೆಗೆ ಅಳತೆ! ನೀವೇ ಗೊತ್ತು ಮಾಡಿದ್ದಲ್ವಾ ಸಂಬಂಧ? ಬಾ, ಆ ಕಡೆ ತುದಿ ನೀನು ಹಿಡಿ. ಗಾಶೆಯ ಕೋಲು ಉದ್ದ ಆಗಿ ಗುಡಿಯಲ್ಲಿ ಬಿದ್ರು. ಮತ್ತೆ ಬೀಳ್ತೀನಿ ಅಂತ ಹೆದರಿ ಹೊರಗೆ ನಿಂತಿದಾರೆ. ಇಷ್ಟೇ ಕಥೆ. ಇದಕ್ಕೆ ನೀವು ಹಾಸಿಗೆ ಹಾಸಿದ್ರಿ."

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬಳು ಕೊಡ ಇಳಿಸಿ, ನಾಚಿಕೊಂಡೇ ಹುರಿಯ ಮೇಲಿನ ತುದಿ ಹಿಡಿದಳು. ಗಂಟು ಬಿದ್ದ ಜಾಗಕ್ಕೂ ಕೋಲಿನ ತಲೆಗೂ ಒಂದು ಅಂಗೈಯಗಲ ವ್ಯತ್ಯಾಸವಿತ್ತು.

ಅಷ್ಟು ಕುಗ್ಗಿದ್ದ ಅವನು. ಒಂದೇ ವರ್ಷದಲ್ಲಲ್ಲ, ಮೆಲ್ಲಮೆಲ್ಲಗೆ. ಜೊತೆಯಲ್ಲಿ ಯಾರಾದರೂ ಇದ್ದಿದ್ದರೆ, 'ಏನು, ದಿನೇ ದಿನೇ ಗಿಡ್ಡ ಆಗ್ತಿದೀಯಾ' ಎಂದು ಎಂದೋ ನಕ್ಕಿರುತ್ತಿದ್ದರು. ನಗಬೇಕಾದವಳು ದೇವಾಲಯದ ಅಂಗಳದ ಮಣ್ಣಲ್ಲಿದ್ದಳು. ಮೆರ್ಶಾ ಹುರಿಯನ್ನು ಸುತ್ತಿ ಅಂಗೈಯಲ್ಲಿಟ್ಟುಕೊಂಡು ಒಳಗೆ ಹೋದ. ಆ ದಿನ ಮತ್ತೆ ಬಾಚಿಯ ಸದ್ದಾಗಲಿಲ್ಲ.

ಆದರೂ ಕೋಲು ಕತ್ತರಿಸಲು ಅವನಿಗೆ ಕೈ ಬರಲಿಲ್ಲ. ತಲೆಯ ಕಡೆ ತಂದೆ ಹಣೆಯೊತ್ತಿದ ಗುರುತು ಮಿರುಗುತ್ತಿತ್ತು. ಬುಡದ ಕಡೆ ಪವಿತ್ರ ನೆಲವನ್ನು ಎರಡು ತಲೆಮಾರು ಮುಟ್ಟಿ ಸವೆದಿತ್ತು. ಎಲ್ಲಿ ಗರಗಸ ಇಟ್ಟರೂ ತಪ್ಪೇ. ಕೊನೆಗೆ ಅದನ್ನು ಹೊತ್ತುಕೊಂಡು ಪಾದ್ರಿ ಎಜಿಗುವಿನ ಮನೆಗೆ ಹೋದ. ಅವನ ತಪ್ಪೊಪ್ಪಿಗೆಗಳನ್ನು ಬಹುಕಾಲದಿಂದ ಕೇಳುತ್ತ ಬಂದವರು ಅವರೇ. ಪಾದ್ರಿಗಳನ್ನು ಅಲ್ಲಿ ಅಬ್ಬಾ ಎಂದು ಕರೆಯುತ್ತಾರೆ.

"ಅಬ್ಬಾ, ಇದನ್ನ ಕುಯ್ಯಬಹುದಾ?"

ಎಜಿಗು ಕೋಲನ್ನು ತಿರುಗಿಸಿ ನೋಡಿದರು. "ನಿನ್ನಪ್ಪ ಇದನ್ನ ಹಿಡ್ಕೊಂಡು ದೇವರಿಗೆ ತಲೆ ಬಾಗಿಸ್ತಿದ್ದ. ನೀನು ಇದಕ್ಕೇ ತಲೆ ಬಾಗಿಸ್ತಿದೀಯಲ್ಲ ಮೆರ್ಶಾ?"

ಮೆರ್ಶಾ, "ತೆರೆ ಸರಿದ ಹೊತ್ತಲ್ಲಿ ಸದ್ದು ಮಾಡ್ದೆ ಅಬ್ಬಾ" ಎಂದ.

"ನೀನು ಬಿದ್ದೆ. ನಾನು ತಿರುಗಿ ನೋಡ್ದೆ. ಎದುರಿಗೆ ದೇವರಿದ್ದಾಗ ನಾನು ಬೇರೆ ಕಡೆ ನೋಡ್ದೆ. ನಮ್ಮಿಬ್ರಲ್ಲಿ ಒಪ್ಪಿಕೊಳ್ಳೋ ತಪ್ಪಿದ್ದದ್ದು ನಂದು, ಒಪ್ಕೊಂಡಿದೀನಿ. ನಿಂದು ಬರೀ ಮೊಣಕಾಲು." ಪಾದ್ರಿ ಕೋಲನ್ನು ಹಿಂದಕ್ಕೆ ಕೊಟ್ಟರು. "ಬರಿಗಾಲಲ್ಲಿ ನಿಲ್ಲಿಸಿ ಎಲ್ಲರ ಎತ್ತರ ಅಳೀತೀಯ. ದೇವರು ಕೊಟ್ಟಷ್ಟೇ ಎತ್ತರ ಇರಿ ಅಂತೀಯ. ಅವನು ವಾಪಸ್ ತಗೊಂಡಷ್ಟನ್ನ ಯಾಕೆ ಲೆಕ್ಕಕ್ಕೆ ಹಿಡಿಯಲ್ಲ?"

ಹಿದಾರ್ ತಿಂಗಳ ಮಿಕಾಯೇಲನ ಹಬ್ಬದ ಹಿಂದಿನ ದಿನ ಅವನು ಬುಡಕ್ಕೆ ಗರಗಸ ಇಟ್ಟ. ಹಳೆಯ ಮರ ಕಲ್ಲಿನಂತೆ ಗಟ್ಟಿಯಾಗಿತ್ತು. ಒಳಗಿನ ತಿರುಳು ಮಾತ್ರ ಇನ್ನೂ ಕೆಂಪಗಿತ್ತು, ಕುಯ್ದಾಗ ಪರಿಮಳ ಬಂತು. ಅಂಗೈಯಗಲದ ಆ ತುಂಡನ್ನು ಒಲೆಗೆ ಹಾಕುವಂತಿರಲಿಲ್ಲ. ಹಬ್ಬದ ಮುಂಜಾನೆ ಅದನ್ನು ಹೊದಿಕೆಯಲ್ಲಿ ಸುತ್ತಿ ಕೊಂಡುಹೋಗಿ, ದ್ವಾರದ ಕಂಬಕ್ಕೆ ಮುತ್ತಿಟ್ಟು, ಮೂರು ಸಲ ಬಾಗಿ, ಅಷ್ಟು ದಿನಗಳ ಮೇಲೆ ಅಂಗಳದೊಳಕ್ಕೆ ಕಾಲಿಟ್ಟ. ಮೊದಲು ಅಲ್ಗಾನೆಶ್‌ಳ ಸಮಾಧಿಯ ಬಳಿ ಹೋಗಿ, ಮಣ್ಣು ಕೆದಕಿ, ಆ ತುಂಡನ್ನು ಅವಳ ತಲೆಯ ಕಡೆ ಇಟ್ಟು ಮುಚ್ಚಿದ. ಆಮೇಲೆ ಎರಡನೆಯ ಕಂಬದ ಬಳಿಗೆ ಹೋದ.

ಕೋಲು ಕಂಕುಳಿಗೆ ಸರಿಯಾಗಿ ಕೂತಿತು. ಹಿಮ್ಮಡಿ ನೆಲದ ಮೇಲೇ ಇತ್ತು. ಆದರೆ ಹಿಂದೆ ಜನರ ತಲೆಗಳ ಮೇಲಿಂದ ಅವನಿಗೆ ಕಾಣುತ್ತಿದ್ದ ತೆರೆಯ ಮೇಲಿನ ಅಂಚು ಈಗ ಕಾಣಲಿಲ್ಲ. ಮುಂದಿನವನ ಹೊದಿಕೆಯ ನೂಲಿನ ಎಳೆಗಳಷ್ಟೇ ಕಂಡವು. ಹಬ್ಬದ ಪ್ರಾರ್ಥನೆ ಬಹಳ ಉದ್ದ. ಹಾಡುಗಾರರ ಡೋಲು ನಿಂತ ಮೇಲೆ ಅವನ ಮೊಣಕಾಲುಗಳು ಮತ್ತೆ ನಡುಗತೊಡಗಿದವು. ಕೋಲು ಎಷ್ಟೇ ಸರಿಯಿದ್ದರೂ ಕಾಲು ಕಾಲೇ. ಮತ್ತೆ ಬಿದ್ದು ಸದ್ದು ಮಾಡುವುದೋ, ಹೊರಗೆ ಹೋಗುವುದೋ ಎಂದು ಅವನು ಒಮ್ಮೆ ಬಾಗಿಲ ಕಡೆ ನೋಡಿದ. ಆಮೇಲೆ, ಬದುಕಿನಲ್ಲಿ ಮೊದಲ ಸಲ, ಕಟ್ಟೆಯ ಕಡೆ ಮುಖ ತಿರುಗಿಸಿದ.

ಅಲ್ಲಿ ಒಬ್ಬ ಕೆಮ್ಮುವ ಮುದುಕನಿದ್ದ, ಕಾಲಿಗೆ ಬಟ್ಟೆ ಸುತ್ತಿಕೊಂಡ ರೈತನಿದ್ದ. ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಬಹುಶಃ ಅಟ್ಟಾಲೆಯ ಗಂಡ ಕೂರುತ್ತಿದ್ದ ಜಾಗ. ಮೆರ್ಶಾನಿಗೆ ಖಚಿತವಾಗಿ ಗೊತ್ತಿರಲಿಲ್ಲ, ಅವನು ನೋಡಿರಲಿಲ್ಲ. ಅವನು ಹೋಗಿ ಕೂತ. ಯಾರೂ ತಿರುಗಲಿಲ್ಲ. ಮುದುಕ ಮಾತ್ರ ಚಾಪೆಯ ಅಂಚನ್ನು ಇವನ ಕಡೆ ಸ್ವಲ್ಪ ಸರಿಸಿದ. ಕಲ್ಲು ತಣ್ಣಗಿತ್ತು. ಅಲ್ಲಿಂದ ಕಾಣುತ್ತಿದ್ದುದು ಬರೀ ಪಾದಗಳು: ಒಡೆದ ಹಿಮ್ಮಡಿಗಳು, ಸವೆದ ಬೆರಳುಗಳು, ನೂರಾರು ಬರಿಗಾಲುಗಳು, ಅವುಗಳ ನಡುವೆ ಅವನೇ ಅಳೆದು ಕೆತ್ತಿದ ಕೋಲುಗಳ ತುದಿಗಳು.

ಅವನು ಹಣೆಯನ್ನು ತಂದೆ ಒತ್ತುತ್ತಿದ್ದ ಜಾಗಕ್ಕೆ ಒತ್ತಿ ಕಣ್ಣು ಮುಚ್ಚಿದ.

ಆಗ ಒಳಗಿನಿಂದ ಸೇವಕನ ಕೂಗು ಬಂತು. ಕುಳಿತವರು ಎದ್ದು ನಿಲ್ಲಬೇಕು.

ಹುಟ್ಟಿದಾಗಿನಿಂದ ಕೇಳಿದ ಕೂಗು. ಪ್ರತಿ ಸಲವೂ ಅದು ಅವನ ತಲೆಯ ಮೇಲಿಂದ ಹಾದು ಬೇರೆ ಯಾರ ಬಳಿಗೋ ಹೋಗುತ್ತಿತ್ತು. ಈ ಸಲ ನೇರವಾಗಿ ಬಂದು ಅವನ ಮುಂದೆ ನಿಂತಿತು. ಪಕ್ಕದ ಮುದುಕ ಆಗಲೇ ಗೋಡೆ ಹಿಡಿದು ಏಳಲು ಹವಣಿಸುತ್ತಿದ್ದ. ಮೆರ್ಶಾ ಕೋಲನ್ನು ಎರಡೂ ಪಾದಗಳ ನಡುವೆ ಊರಿದ. ಹಿಂದಿನ ಉದ್ದವಾಗಿದ್ದರೆ ಆಗುತ್ತಿರಲಿಲ್ಲ. ಈಗ ಅಡ್ಡಪಟ್ಟಿ ಹಿಡಿದು ಏಳುವಷ್ಟು ತಗ್ಗಿನಲ್ಲಿತ್ತು. ಎರಡೂ ಕೈಯಿಂದ ಅದನ್ನು ಹಿಡಿದು, ಮೈಯನ್ನು ಮೆಲ್ಲಗೆ ಮೇಲಕ್ಕೆಳೆದುಕೊಂಡು, ಎದ್ದು ನಿಂತ.

ಆ ಹೊತ್ತು ತನಗೆ ಏನಾಯಿತೆಂದು ಮನೆಗೆ ಹೋಗಿ ಹೇಳಿಕೊಳ್ಳಲು ಅವನಿಗೆ ಯಾರೂ ಇರಲಿಲ್ಲ. ಹಾಗಾಗಿ ಅಲ್ಲೇ, ನಿಂತಲ್ಲೇ, ಒಡೆದ ತನ್ನ ದನಿಯಲ್ಲಿ, ಆ ಕೂಗಿನಲ್ಲಿ ತನ್ನನ್ನೂ ಕರೆದ ದೇವರಿಗೇ ಹೇಳಿದ.